ಮನೆಯಲ್ಲೇ ಹಿರಿಯರ ಆರೈಕೆ: ಯಾವ ವ್ಯವಸ್ಥೆ ಯಾರಿಗೆ ಹೊಂದುತ್ತದೆ?

ಈ ಪ್ರಶ್ನೆ ಪುರುಸೊತ್ತಾಗಿ ಯೋಚಿಸುವ ಹೊತ್ತಿಗೆ ಬರುವುದೇ ಇಲ್ಲ. ಆಸ್ಪತ್ರೆಯವರು ‘ನಾಳೆ ಡಿಸ್ಚಾರ್ಜ್’ ಎನ್ನುತ್ತಾರೆ. ಇಲ್ಲವೇ ಅಮ್ಮ ಬಾತ್‌ರೂಮಿನಲ್ಲಿ ಜಾರಿ ಬಿದ್ದರು ಎಂದು ಫೋನ್ ಬರುತ್ತದೆ. ಅರ್ಧ ದಿನದಲ್ಲಿ ತೀರ್ಮಾನ ಆಗಬೇಕು. ಏಜೆನ್ಸಿಯಿಂದ ಯಾರನ್ನಾದರೂ ಕರೆಸುವುದಾ? ಗೊತ್ತಿರುವವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುವುದಾ? ಮನೆಯವರಲ್ಲೇ ಒಬ್ಬರು ನೌಕರಿ ಬಿಡುವುದಾ? ಕೇಳಿದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಅವರ ಮನೆಯಲ್ಲಿ ಅದು ನಡೆದಿರುತ್ತದೆ, ಸುಳ್ಳೇನಲ್ಲ. ಆದರೆ ನಿಮ್ಮ ಮನೆಯಲ್ಲೂ ನಡೆಯಬೇಕಲ್ಲ.

ನನ್ನ ತಂದೆಯನ್ನು ನಾವು ಐದು ವರ್ಷ ಮನೆಯಲ್ಲೇ ನೋಡಿಕೊಂಡೆವು. ಇಲ್ಲಿ ಹೇಳುವ ವ್ಯವಸ್ಥೆಗಳಲ್ಲಿ ಬಹುಪಾಲು ನಾವೇ ಮಾಡಿ ನೋಡಿದ್ದು, ಕೆಲವನ್ನು ಕೆಟ್ಟದಾಗಿ ಮಾಡಿದ್ದು. ಎಲ್ಲರೂ ಬಂದು, ಎಲ್ಲವೂ ನಡೆಯುವ ದಿನ ಯಾವ ವ್ಯವಸ್ಥೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಸಹಾಯಕರು ಬರದ ಒಂದು ದಿನ ಅದರ ಬಣ್ಣ ಗೊತ್ತಾಗುತ್ತದೆ. ಅದಕ್ಕೇ ಈ ಬರಹದಲ್ಲಿ ಪ್ರತಿ ಆಯ್ಕೆಗೂ ‘ಬರದ ದಿನ ಏನು?’ ಎಂಬ ಪ್ರಶ್ನೆ ಹಾಕುತ್ತಾ ಹೋಗುತ್ತೇನೆ.

ಮೊದಲು ಅಳತೆ

ಕಾಯಿಲೆಯ ಹೆಸರಿನಿಂದ ಶುರು ಮಾಡಬೇಡಿ. ಇಬ್ಬರಿಗೆ ಪಾರ್ಶ್ವವಾಯು ಆಗಿರುತ್ತದೆ. ಒಬ್ಬರು ಕೋಲು ಹಿಡಿದು ಮನೆಯೆಲ್ಲ ಓಡಾಡುತ್ತಾರೆ, ಇನ್ನೊಬ್ಬರಿಗೆ ಮಗ್ಗುಲು ಬದಲಿಸಲೂ ಬೇರೆಯವರ ಕೈ ಬೇಕು. ಕಾಯಿಲೆ ಒಂದೇ, ಬೇಕಾದ ಸಹಾಯ ಬೇರೆ. ಯಾವ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ಯಾವುದಕ್ಕೆ ಕೈ ಬೇಕು ಎಂದು ನೋಡಿ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಆರು ಕೆಲಸಗಳ ಪಟ್ಟಿ ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಕೂರುವುದು, ಮಲಮೂತ್ರದ ಹಿಡಿತ, ತಾವೇ ತಿನ್ನುವುದು. ಸಾಮಾನ್ಯವಾಗಿ ಮೊದಲು ಕೈಬಿಟ್ಟುಹೋಗುವುದು ಸ್ನಾನ, ಕೊನೆಗೆ ತಿನ್ನುವುದು. ಹಾಗಾಗಿ ‘ಅಪ್ಪ ತಾವೇ ಊಟ ಮಾಡ್ತಾರೆ, ಏನೂ ತೊಂದರೆ ಇಲ್ಲ’ ಎಂಬ ಮಾತನ್ನು ನಂಬಿಕೊಂಡು ಕೂರಬೇಡಿ. ಸ್ನಾನ ಹೇಗೆ ಮಾಡುತ್ತಾರೆ ಎಂದು ಕೇಳಿ.

ಇನ್ನೊಂದು ಪಟ್ಟಿ 1969ರದ್ದು, ಲಾಟನ್ ಮತ್ತು ಬ್ರೋಡಿ ಎಂಬಿಬ್ಬರು ಮಾಡಿದ್ದು. ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಹೊರಗೆ ಹೋಗಿಬರುವುದು, ಮಾತ್ರೆ ತೆಗೆದುಕೊಳ್ಳುವುದು, ಹಣಕಾಸು. ಈ ಎಂಟು ಸಾಮಾನ್ಯವಾಗಿ ಮೊದಲಿನ ಆರಕ್ಕಿಂತ ಮುಂಚೆಯೇ ಸಡಿಲವಾಗುತ್ತವೆ. ನಿಮ್ಮ ಹಿರಿಯರಿಗೆ ಈ ಎಂಟರಲ್ಲಿ ಮಾತ್ರ ಕಷ್ಟ ಎಂದಾದರೆ ಅವರಿಗೆ ಬೇಕಿರುವುದು ದಿನಕ್ಕೆ ಒಂದೆರಡು ಗಂಟೆಯ ಸಹಾಯ. ಆ ಆರರಲ್ಲಿ ಎರಡು ಮೂರು ಹೋಗಿದ್ದರೆ ಲೆಕ್ಕವೇ ಬೇರೆ.

ಬೀಳುವ ಭಯ ಎಷ್ಟಿದೆ ಎಂದು ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಗಡಿಯಾರ ಹಿಡಿದು ನೋಡಿ, ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಬೀಳುವ ಅಪಾಯ ಇದೆ ಎಂದು ಅರ್ಥ. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಒಮ್ಮೆ ಬಿದ್ದವರು ಮತ್ತೆ ಬೀಳುವುದು ಹೆಚ್ಚು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಗಂಟೆಗಳನ್ನು ಬರೆಯಿರಿ. ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ. ಯಾವ ಗಂಟೆಗೆ ಯಾರ ಕೈ ಬೇಕಾಯಿತು, ಎಷ್ಟು ಹೊತ್ತು? ಮೂರು ದಿನ ಬರೆದರೆ ಸಾಕು. ಹಿಂದಿನ ರಾತ್ರಿ ಎಷ್ಟು ಸಲ ಎದ್ದರು ಎಂಬುದನ್ನು ಮರೆಯದೆ ಬರೆಯಿರಿ. ಬಹಳ ಮನೆಗಳಲ್ಲಿ ಈ ಹಾಳೆ ನೋಡಿದಾಗ ಒಂದು ವಿಷಯ ಹೊರಬರುತ್ತದೆ: ಬೇಕಿರುವುದು ‘ಇಡೀ ದಿನದ ಜನ’ ಅಲ್ಲ, ಬೆಳಗಿನ ಎರಡು ಗಂಟೆ ಮತ್ತು ರಾತ್ರಿ. ಅಥವಾ ಹಗಲು ಸರಾಗ, ಸಂಜೆ ನಾಲ್ಕರ ಮೇಲೆ ಕಷ್ಟ. ಮರೆವಿನ ಕಾಯಿಲೆ ಇರುವವರಲ್ಲಿ ಸಂಜೆಯಾಗುತ್ತಿದ್ದಂತೆ ಗೊಂದಲ, ತಳಮಳ ಜಾಸ್ತಿಯಾಗುವುದು ಸಾಮಾನ್ಯ.

ಹಾಳೆ ಕೈಯಲ್ಲಿ ಇಟ್ಟುಕೊಂಡು ಇನ್ನು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ನರ್ಸ್ ಮಾತ್ರ ಮಾಡಬಹುದಾದ ಕೆಲಸ ಇದೆಯಾ? ಎತ್ತಿ ಕೂರಿಸಲು ಒಬ್ಬರ ಬಲ ಸಾಕಾ, ಇಬ್ಬರು ಬೇಕಾ? ಇದು ಎಷ್ಟು ತಿಂಗಳ ಮಾತು? ಹಿರಿಯರು ಏನನ್ನುತ್ತಾರೆ?

ಮೂರನೆಯದು ಹಣಕ್ಕೆ ನೇರವಾಗಿ ತಾಗುತ್ತದೆ. ಮುರಿದ ಮೂಳೆ ಕೂಡಿ ನಡೆಯುವವರೆಗೆ ಎಂದರೆ ಕೆಲವು ತಿಂಗಳು. ಪಾರ್ಶ್ವವಾಯುವಿನಲ್ಲಿ ಚೇತರಿಕೆ ಮೊದಲ ಮೂರು ತಿಂಗಳಲ್ಲೇ ವೇಗವಾಗಿರುತ್ತದೆ. ಆದ್ದರಿಂದ ಅಲ್ಲಿ ಮೊದಲೇ ಕೈಬಿಚ್ಚಿ ಖರ್ಚು ಮಾಡುವುದು ಜಾಣತನ, ಫಿಸಿಯೋಥೆರಪಿಗೂ ಸೇರಿ. ಮರೆವಿನ ಕಾಯಿಲೆ ಹಾಗಲ್ಲ, ಅದು ವರ್ಷಗಟ್ಟಲೆ ನಡೆಯುತ್ತದೆ, ಬೇಕಾದ ಸಹಾಯ ಏರುತ್ತಲೇ ಹೋಗುತ್ತದೆ. ಮೊದಲ ವರ್ಷವೇ ಉಳಿತಾಯವೆಲ್ಲ ಸುರಿದರೆ ನಿಜವಾಗಿ ಬೇಕಾದ ನಾಲ್ಕನೇ ವರ್ಷಕ್ಕೆ ಏನೂ ಇರುವುದಿಲ್ಲ.

ನಾಲ್ಕನೆಯದನ್ನು ನಾವೆಲ್ಲ ಹಾರಿಸಿಬಿಡುತ್ತೇವೆ. ಸ್ನಾನ ಮಾಡಿಸಲು ಗಂಡಸು ಬರಬೇಕಾ ಹೆಂಗಸು ಬರಬೇಕಾ, ಬಾಗಿಲು ಹಾಕಿರಬೇಕಾ ತೆಗೆದಿರಬೇಕಾ, ಇವೆಲ್ಲ ಅವರನ್ನೇ ಕೇಳಬೇಕಾದ ಮಾತು. ಕೇಳದೆ ಜನ ತಂದು ನಿಲ್ಲಿಸಿದರೆ ಎರಡೇ ದಿನದಲ್ಲಿ ‘ಅವಳನ್ನು ಕಳಿಸಿಬಿಡು’ ಎಂಬ ಹಟ ಶುರುವಾಗುತ್ತದೆ. ಆಗ ತಪ್ಪು ಯಾರದು ಹೇಳಿ?

ಮನೆಯವರೇ ನೋಡಿಕೊಳ್ಳುವುದು

ನಂಬಿಕೆಯ ಪ್ರಶ್ನೆ ಇಲ್ಲ, ಹಿರಿಯರಿಗೂ ಸಮಾಧಾನ. ಕೈಯಿಂದ ಹಣ ಹೋಗುವುದಿಲ್ಲ ಎಂದೂ ಅನ್ನಿಸುತ್ತದೆ. ಆದರೆ ಒಬ್ಬರು ನೌಕರಿ ಬಿಟ್ಟರೆ ಹೋಗುವುದು ಈ ತಿಂಗಳ ಸಂಬಳ ಮಾತ್ರವಲ್ಲ. ಮುಂದಿನ ಬಡ್ತಿ, ಪಿಂಚಣಿಗೆ ಸೇರುವ ಹಣ, ಮತ್ತೆ ಕೆಲಸಕ್ಕೆ ಹೋಗುವ ದಾರಿ ಎಲ್ಲವೂ ಹೋಗುತ್ತವೆ. ‘ಖರ್ಚಿಲ್ಲದ’ ಈ ವ್ಯವಸ್ಥೆಯೇ ಕೆಲವು ಮನೆಗಳಲ್ಲಿ ಎಲ್ಲಕ್ಕಿಂತ ದುಬಾರಿಯಾಗುತ್ತದೆ. ನೌಕರಿ ಬಿಡುವ ಮುಂಚೆ ಉದ್ದನೆಯ ರಜೆ, ಅರ್ಧ ದಿನದ ಕೆಲಸ, ಮನೆಯಿಂದ ಕೆಲಸ ಇವನ್ನು ಕೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಈ ಭಾರ ಒಬ್ಬ ಹೆಂಗಸಿನ ತಲೆ ಮೇಲೆ ಬೀಳುತ್ತದೆ, ಯಾರೂ ಕೂತು ತೀರ್ಮಾನ ಮಾಡದೆಯೇ ಬೀಳುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು, ಯಾರು ಸಮಯ ಕೊಡುತ್ತಾರೆ, ಯಾರು ಹಣ ಕೊಡುತ್ತಾರೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಬಾಯಿಮಾತಿನಲ್ಲಿ ಬಿಟ್ಟರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಬರದ ದಿನ ಏನು? ಇಲ್ಲಿ ‘ಬರದ ದಿನ’ ಎಂದರೆ ನಿಮಗೇ ಜ್ವರ ಬಂದ ದಿನ, ನಿಮ್ಮದೇ ಸೊಂಟ ಹಿಡಿದ ದಿನ. ಎತ್ತುವ ಕ್ರಮ ಗೊತ್ತಿಲ್ಲದೆ ದಿನಕ್ಕೆ ಹತ್ತು ಸಲ ಎತ್ತಿದರೆ ಆ ದಿನ ಬೇಗ ಬರುತ್ತದೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ಫಿಸಿಯೋ ಅಥವಾ ನರ್ಸ್ ಹತ್ತಿರ ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದನ್ನು ನಿಮ್ಮ ಕೈಯಲ್ಲೇ ಮಾಡಿಸಿ ಕಲಿಯಿರಿ. ಅವರು ಮಾಡಿ ತೋರಿಸಿದ್ದನ್ನು ನೋಡಿದರೆ ಸಾಲದು.

ಗಂಟೆ ಲೆಕ್ಕದ ಸಹಾಯ

ನನ್ನ ಕೇಳಿದರೆ, ಹೆಚ್ಚಿನವರು ಇಲ್ಲಿಂದ ಶುರು ಮಾಡಬೇಕು. ಬೆಳಗ್ಗೆ ಎರಡು ಗಂಟೆ ಒಬ್ಬರು ಬಂದು ಸ್ನಾನ, ಬಟ್ಟೆ, ಹಾಸಿಗೆ ಸರಿ ಮಾಡುವುದು ಮುಗಿಸಿ ಹೋದರೆ ಉಳಿದ ದಿನ ಮನೆಯವರ ಕೈಗೆ ಸಿಗುತ್ತದೆ. ಕಷ್ಟದ ಗಂಟೆಗೆ ಮಾತ್ರ ಹಣ ಕೊಡುತ್ತೀರಿ. ಹಿರಿಯರಿಗೂ ಹೊರಗಿನವರ ಕೈ ನಿಧಾನವಾಗಿ ಅಭ್ಯಾಸವಾಗುತ್ತದೆ.

ತೊಂದರೆ ಏನೆಂದರೆ, ದಿನಕ್ಕೆ ಒಂದೆರಡು ಗಂಟೆಗೆ ಬರುವವರು ಸಿಗುವುದೇ ಕಷ್ಟ. ಅವರಿಗೂ ಓಡಾಟದ ಸಮಯ ಇದೆಯಲ್ಲ. ನಾಲ್ಕು ಮನೆ ಮಾಡುವವರಾದರೆ ನಿಮ್ಮ ಮನೆಗೆ ಬರುವ ಹೊತ್ತು ಆಚೀಚೆ ಆಗುತ್ತದೆ. ಸ್ನಾನ ಹತ್ತಕ್ಕೆ ಬದಲು ಹನ್ನೊಂದಕ್ಕಾದರೆ ಪರವಾಗಿಲ್ಲ. ಊಟಕ್ಕೆ ಮುಂಚಿನ ಇನ್ಸುಲಿನ್ ಅನ್ನು ಮಾತ್ರ ಅವರ ಮೇಲೆ ಬಿಡಬೇಡಿ. ಅವರು ಬರದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ನಡೆಯುತ್ತದೆ. ಈ ವ್ಯವಸ್ಥೆಯ ನಿಜವಾದ ಲಾಭ ಇದೇ, ಕೈಕೊಟ್ಟರೂ ಮನೆ ಮುಳುಗುವುದಿಲ್ಲ.

ಏಜೆನ್ಸಿಯೋ, ನೇರವಾಗಿಯೋ?

ಹನ್ನೆರಡು ಗಂಟೆಯ ಶಿಫ್ಟ್‌ಗೆ ಜನ ಬೇಕು ಎಂದಾದ ಮೇಲೆ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

ಏಜೆನ್ಸಿಗೆ ನೀವು ಕೊಡುವ ಹಣದಲ್ಲಿ ಒಂದು ಪಾಲು ಅವರಿಗೇ ಉಳಿಯುತ್ತದೆ. ಅದಕ್ಕೆ ಬದಲಾಗಿ ಅವರು ಕೊಡಬೇಕಾದದ್ದು ಮೂರು: ಜನರ ಹಿನ್ನೆಲೆ ನೋಡಿರಬೇಕು, ಕೆಲಸ ಕಲಿಸಿರಬೇಕು, ಒಬ್ಬರು ಬರದಿದ್ದರೆ ಇನ್ನೊಬ್ಬರನ್ನು ಕಳಿಸಬೇಕು. ಈ ಮೂರೂ ಇದ್ದರೆ ಆ ಪಾಲು ದುಬಾರಿಯಲ್ಲ. ಇಲ್ಲದಿದ್ದರೆ ನೀವು ಸುಮ್ನೆ ಒಂದು ಫೋನ್ ನಂಬರಿಗೆ ದುಡ್ಡು ಕೊಡುತ್ತಿದ್ದೀರಿ.

ನಮಗೆ ಆದದ್ದು ಹೇಳುತ್ತೇನೆ. ಹೆಸರು ಬೇಡ. ‘ಬದಲಿ ಜನ ಖಂಡಿತ’ ಎಂದು ಒಪ್ಪಂದದಲ್ಲಿತ್ತು. ಒಂದು ಭಾನುವಾರ ಅಟೆಂಡರ್, ಅಂದರೆ ಅಪ್ಪನನ್ನು ನೋಡಿಕೊಳ್ಳುವ ಸಹಾಯಕ, ಬರಲಿಲ್ಲ. ಏಜೆನ್ಸಿಯ ಫೋನ್ ಯಾರೂ ಎತ್ತಲಿಲ್ಲ. ಸಂಜೆ ಐದಕ್ಕೆ ಒಬ್ಬ ಹುಡುಗ ಬಂದ, ಪಾಪ, ಕ್ಯಾತಿಟರ್ (ಮೂತ್ರದ ನಳಿಗೆ) ಚೀಲವನ್ನು ಅವನು ಮೊದಲ ಸಲ ನೋಡುತ್ತಿದ್ದ. ಒಪ್ಪಂದದ ಪ್ರಕಾರ ಅವರು ಬದಲಿ ಕೊಟ್ಟಿದ್ದರು. ಎಷ್ಟು ಗಂಟೆಯೊಳಗೆ, ಯಾವ ಕೆಲಸ ಗೊತ್ತಿರುವವರನ್ನು ಎಂದು ನಾವು ಬರೆಸಿಕೊಂಡಿರಲಿಲ್ಲ. ಆಮೇಲಿನ ಏಜೆನ್ಸಿಯ ಹತ್ತಿರ ಎರಡನ್ನೂ ಬರೆಸಿಕೊಂಡೆವು. ರಜಾದಿನದಲ್ಲಿ ಯಾರು ಫೋನ್ ಎತ್ತುತ್ತಾರೆ ಎಂದೂ ಕೇಳಿ, ಒಂದು ಭಾನುವಾರ ಸುಮ್ಮನೆ ಕರೆ ಮಾಡಿ ನೋಡಿದೆ.

ಇನ್ನೂ ಒಂದನ್ನು ಕೇಳಿ. ಕೇಳಲು ಮುಜುಗರ, ಆದರೂ ಕೇಳಿ: ನಾವು ಕೊಡುವುದರಲ್ಲಿ ಬರುವವರ ಕೈಗೆ ಎಷ್ಟು ಸೇರುತ್ತದೆ? ಅರ್ಧವೂ ಸೇರದಿದ್ದರೆ ಅವರು ಆ ಕೆಲಸದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ತಿಂಗಳಿಗೊಂದು ಹೊಸ ಮುಖ ಬರುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ಹೊಸ ಮುಖ ಎಂದರೆ ಪ್ರತಿ ಸಲವೂ ಮನೆಗೆ ಅಪರಿಚಿತರು ನುಗ್ಗಿದ ಹಾಗೆ.

ನೇರವಾಗಿ ಇಟ್ಟುಕೊಂಡರೆ ಅದೇ ಹಣಕ್ಕೆ ಬರುವವರಿಗೆ ಜಾಸ್ತಿ ಸಿಗುತ್ತದೆ, ನಿಮಗೂ ಸ್ವಲ್ಪ ಉಳಿಯುತ್ತದೆ. ಒಬ್ಬರೇ ವರ್ಷಗಟ್ಟಲೆ ಉಳಿಯುವ ಸಾಧ್ಯತೆ ಇದೆ. ಹಿರಿಯರ ಸ್ವಭಾವ, ಮೌನ, ಸಿಟ್ಟು ಎಲ್ಲ ಅವರಿಗೆ ತಿಳಿದಿರುತ್ತದೆ. ನನ್ನ ತಂದೆಯ ಕೊನೆಯ ಎರಡು ವರ್ಷ ನೋಡಿಕೊಂಡವರು ಹೀಗೆ ನೇರವಾಗಿ ಬಂದವರು. ಅಪ್ಪ ಮಾತು ನಿಲ್ಲಿಸಿದ ಮೇಲೂ ಅವರಿಗೆ ಏನು ಬೇಕು ಎಂದು ನಮಗಿಂತ ಮೊದಲು ಆತನಿಗೆ ಗೊತ್ತಾಗುತ್ತಿತ್ತು.

ಆದರೆ ಈಗ ನೀವು ಮಾಲೀಕರು. ವಾರದ ರಜೆ, ಸಂಬಳದ ದಿನಾಂಕ, ಕಾಯಿಲೆ ಬಿದ್ದರೆ ಸಂಬಳ, ನಿಮ್ಮ ಮನೆಯಲ್ಲಿ ಕೆಲಸ ಮಾಡುವಾಗ ಅವರಿಗೆ ಪೆಟ್ಟಾದರೆ ಖರ್ಚು ಇದೆಲ್ಲ ನಿಮ್ಮ ಹೊಣೆ. ನಿಮ್ಮಲ್ಲಿಯ ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳಿ. ಹಿಂದೆ ಕೆಲಸ ಮಾಡಿದ ಎರಡು ಮನೆಯವರ ಜೊತೆ ನೀವೇ ಮಾತಾಡಿ. ಅಲ್ಲಿ ‘ಹೇಗಿದ್ದರು?’ ಎಂದು ಕೇಳಿದರೆ ‘ಚೆನ್ನಾಗಿದ್ದರು’ ಎಂದಷ್ಟೇ ಉತ್ತರ ಬರುತ್ತದೆ. ‘ಯಾಕೆ ಬಿಟ್ಟರು? ಎಷ್ಟು ದಿನ ಹೇಳದೆ ತಪ್ಪಿಸಿಕೊಂಡರು?’ ಎಂದು ಕೇಳಿ.

ಬರದ ದಿನ? ನೇರ ವ್ಯವಸ್ಥೆಯಲ್ಲಿ ಬದಲಿ ಜನರನ್ನು ನೀವೇ ಹುಟ್ಟುಹಾಕಬೇಕು. ಒಬ್ಬರನ್ನೇ ನೆಚ್ಚಿಕೊಳ್ಳುವ ಬದಲು ಇಬ್ಬರ ನಡುವೆ ವಾರವನ್ನು ಹಂಚಿ, ಒಬ್ಬರು ಐದು ದಿನ, ಇನ್ನೊಬ್ಬರು ಎರಡು ದಿನ. ಖರ್ಚು ಹೆಚ್ಚಾಗುವುದಿಲ್ಲ. ಮನೆ ಗೊತ್ತಿರುವವರು ಯಾವಾಗಲೂ ಇಬ್ಬರು ಇರುತ್ತಾರೆ.

ಹಾಗಾದರೆ ಯಾರಿಗೆ ಯಾವುದು? ತುರ್ತಾಗಿ, ನಾಳೆಯೇ ಬೇಕು ಎಂದರೆ ಏಜೆನ್ಸಿ. ಮಕ್ಕಳು ದೂರದಲ್ಲಿದ್ದು, ಮನೆಯಲ್ಲಿ ಮೇಲ್ವಿಚಾರಣೆ ಮಾಡುವವರೇ ಇಲ್ಲದಿದ್ದರೂ ಏಜೆನ್ಸಿಯೇ ವಾಸಿ. ವರ್ಷಗಳ ಕಾಲದ ಆರೈಕೆ, ಹತ್ತಿರದಲ್ಲಿ ನೋಡಿಕೊಳ್ಳಲು ಒಬ್ಬ ಮನೆಯವರು ಇದ್ದಾರೆ ಎಂದರೆ ನೇರವಾಗಿ ಇಟ್ಟುಕೊಳ್ಳುವ ಕಡೆಗೆ ನನ್ನ ಮತ. ಏಜೆನ್ಸಿಯಿಂದ ಶುರು ಮಾಡಿ ನಿಧಾನವಾಗಿ ನೇರ ವ್ಯವಸ್ಥೆಗೆ ಬರುವುದೂ ಒಂದು ದಾರಿ. ಏಜೆನ್ಸಿಯ ಜನರನ್ನೇ ಒಳಗೊಳಗೆ ಸೆಳೆದುಕೊಳ್ಳಬೇಡಿ. ಒಪ್ಪಂದದಲ್ಲಿ ಅದಕ್ಕೆ ತಡೆ ಇರುತ್ತದೆ.

ಮನೆಯಲ್ಲೇ ಉಳಿಯುವವರು, ಮತ್ತು ರಾತ್ರಿ

‘ಒಬ್ಬರು ಮನೆಯಲ್ಲೇ ಇದ್ದುಬಿಟ್ಟರೆ 24 ಗಂಟೆಯೂ ಆಯ್ತಲ್ಲ’ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಎಲ್ಲ ಗಂಟೆ ತುಂಬಲು ಮೂರೂವರೆ ಜನ ಬೇಕು. ಮನೆಯಲ್ಲಿ ಉಳಿಯುವ ಒಬ್ಬರಿಂದ ಅಷ್ಟೂ ಆಗುತ್ತದೆ ಎಂದರೆ ಅವರು ನಿದ್ದೆ ಮಾಡುವುದಿಲ್ಲ ಎಂದು ನೀವು ಲೆಕ್ಕ ಹಾಕಿದಂತೆ.

ಹಾಗಂತ ಇದು ಕೆಟ್ಟ ಆಯ್ಕೆಯಲ್ಲ. ರಾತ್ರಿ ಚೆನ್ನಾಗಿ ಮಲಗುವ, ಹಗಲು ಆಗೀಗ ಸಹಾಯ ಬೇಕಿರುವ, ಒಬ್ಬರೇ ಇರುವ ಹಿರಿಯರಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಮನೆಯಲ್ಲಿ ಇನ್ನೊಂದು ಉಸಿರು ಇದೆ ಎಂಬ ಧೈರ್ಯವೇ ದೊಡ್ಡದು. ಬರುವವರಿಗೆ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ, ಹಗಲಲ್ಲಿ ಎರಡು ಗಂಟೆ ಬಿಡುವು, ವಾರಕ್ಕೆ ಒಂದು ಪೂರ್ತಿ ದಿನದ ರಜೆ ಕೊಡಬೇಕು. ಇದನ್ನು ಕೊಡಲು ಆಗದಿದ್ದರೆ ಈ ಆಯ್ಕೆಯನ್ನು ಬಿಟ್ಟುಬಿಡಿ.

ರಾತ್ರಿಗೆ ನಾನು ಇಟ್ಟುಕೊಂಡ ಅಳತೆ ಇಷ್ಟೇ. ಹಿರಿಯರು ರಾತ್ರಿ ಎರಡು ಸಲಕ್ಕಿಂತ ಜಾಸ್ತಿ ಎಬ್ಬಿಸಿದರೆ, ಹಗಲು ನೋಡಿಕೊಳ್ಳುವವರು ರಾತ್ರಿಯನ್ನೂ ನೋಡಿಕೊಳ್ಳಲಾರರು. ಹೊರಗಿನವರಾಗಲಿ ಮನೆಯವರಾಗಲಿ. ರಾತ್ರಿಗೆ ಬೇರೆ ಜನ ಬೇಕು. ಮೊದಲು ಯಾಕೆ ಎಚ್ಚರವಾಗುತ್ತದೆ ಎಂದು ವೈದ್ಯರನ್ನು ಕೇಳಿ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯನ್ನು ಸಂಜೆ ಕೊಡುತ್ತಿದ್ದರೆ, ಅದನ್ನು ಬೆಳಗ್ಗೆಗೆ ಬದಲಿಸಬಹುದೇ ಎಂದು ಅವರೇ ಹೇಳುತ್ತಾರೆ. ಹಾಸಿಗೆ ಪಕ್ಕ ಒಂದು ಕಮೋಡ್ ಕುರ್ಚಿ ಇಟ್ಟರೂ ಅರ್ಧ ಕೆಲಸ ಕಡಿಮೆಯಾಗುತ್ತದೆ. ಇದಾದ ಮೇಲೂ ನಾಲ್ಕು ಸಲ ಏಳುತ್ತಾರೆ ಎಂದರೆ ಹಣವನ್ನು ಹಗಲಿಗಿಂತ ರಾತ್ರಿಗೆ ಹಾಕಿ. ಹಗಲಲ್ಲಿ ಅಕ್ಕಪಕ್ಕದವರು, ನೆಂಟರು ಒಂದು ಗಂಟೆ ಕೂರಬಹುದು. ರಾತ್ರಿ ಎರಡಕ್ಕೆ ಯಾರನ್ನೂ ಕರೆಯಲಾಗುವುದಿಲ್ಲ.

ನರ್ಸ್ ಬೇಕೋ, ಅಟೆಂಡರ್ ಸಾಕೋ?

ಇಲ್ಲಿ ಎರಡು ಕಡೆಯಿಂದಲೂ ತಪ್ಪಾಗುತ್ತದೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ನಲವತ್ತು ನಿಮಿಷ ಬೇಕು. ಅದಕ್ಕಾಗಿ ಹನ್ನೆರಡು ಗಂಟೆ ನರ್ಸ್ ಇಟ್ಟು ಹಣ ಖಾಲಿ ಮಾಡಿಕೊಳ್ಳುವವರಿದ್ದಾರೆ. ಡ್ರೆಸ್ಸಿಂಗ್, ಇಂಜೆಕ್ಷನ್, ಕ್ಯಾತಿಟರ್ ಬದಲಿಸುವುದು ಇಷ್ಟೇ ಆದರೆ ನರ್ಸ್ ಬಂದು ಹೋಗಲಿ, ಉಳಿದ ಹೊತ್ತಿಗೆ ಅಟೆಂಡರ್ ಸಾಕು. ಇನ್ನೊಂದು ಕಡೆ, ಗಂಟಲಿಗೆ ರಂಧ್ರ ಮಾಡಿ ನಳಿಗೆ ಹಾಕಿರುತ್ತಾರೆ, ಕಫ ತೆಗೆಯುತ್ತಿರಬೇಕು. ಅಂಥ ಕೆಲಸವನ್ನು ಕಲಿಯದ ಅಟೆಂಡರ್ ಕೈಗೆ ಬಿಟ್ಟರೆ ಜೀವಕ್ಕೇ ಅಪಾಯ. ಅಲ್ಲಿ ಹಣ ಉಳಿಸಲು ಹೋಗಬೇಡಿ. ಯಾವ ಕೆಲಸ ಯಾರು ಮಾಡಬೇಕು ಎಂದು ಡಿಸ್ಚಾರ್ಜ್ ದಿನವೇ ವೈದ್ಯರಿಂದ ಬರೆಸಿಕೊಳ್ಳಿ.

ಮಾತ್ರೆಗಳ ವಿಷಯ ಬೇರೆ. ವಾರದ ಡಬ್ಬಿಗೆ ಮನೆಯವರೊಬ್ಬರು ತುಂಬಿಡಲಿ, ಸಹಾಯಕರು ಡಬ್ಬಿಯ ಆ ಹೊತ್ತಿನ ಖಾನೆಯಿಂದ ತೆಗೆದು ಕೊಡಲಿ. ಯಾವುದು ಬೇಕು, ಯಾವುದು ಬೇಡ ಎಂಬ ತೀರ್ಮಾನ ಅವರಿಗೆ ಬಿಡಬಾರದು.

ಡೇ ಕೇರ್, ಸ್ವಲ್ಪ ದಿನದ ವಾಸ, ಮತ್ತು ಉಪಕರಣಗಳು

ಹಗಲು ಹೊತ್ತು ಹಿರಿಯರನ್ನು ನೋಡಿಕೊಳ್ಳುವ ಕೇಂದ್ರ ಹತ್ತಿರದಲ್ಲಿದ್ದರೆ ನಿಮ್ಮ ಅದೃಷ್ಟ. ಒಬ್ಬ ಸಹಾಯಕರ ಖರ್ಚು ಹಲವರ ನಡುವೆ ಹಂಚಿಹೋಗುವುದರಿಂದ ಮನೆಗೆ ಜನ ಇಡುವುದಕ್ಕಿಂತ ಸಾಮಾನ್ಯವಾಗಿ ಕಡಿಮೆಯಲ್ಲಿ ಆಗುತ್ತದೆ. ಹಿರಿಯರಿಗೆ ಮಾತಾಡಲು ಜೊತೆ ಸಿಗುತ್ತದೆ. ನೀವು ನೌಕರಿ ಬಿಡಬೇಕಿಲ್ಲ. ಆದರೆ ಬೆಳಗ್ಗೆ ತಯಾರು ಮಾಡಿ ಕರೆದೊಯ್ಯುವ ಕೆಲಸ ನಿಮ್ಮದೇ. ಹಾಸಿಗೆ ಹಿಡಿದವರಿಗೆ ಇದು ಆಗುವುದಿಲ್ಲ. ಮೊದಲ ವಾರ ‘ನನ್ನನ್ನು ಎಲ್ಲೋ ಬಿಟ್ಟುಬರ್ತೀರಿ’ ಎಂಬ ಮಾತು ಬಂದೇ ಬರುತ್ತದೆ. ಎರಡು ಗಂಟೆಯಿಂದ ಶುರು ಮಾಡಿ, ಜೊತೆಗೆ ನೀವೂ ಕೂತಿರಿ.

ವಾರ ಹತ್ತು ದಿನ ಇಟ್ಟುಕೊಳ್ಳುವ ಆರೈಕೆ ಕೇಂದ್ರಗಳೂ ಇವೆ. ನೋಡಿಕೊಳ್ಳುವವರಿಗೆ ಆಪರೇಷನ್ ಆದರೆ, ಅಥವಾ ಅವರಿಗೆ ಸುಸ್ತಾಗಿ ಇನ್ನು ಆಗುವುದಿಲ್ಲ ಎನ್ನಿಸಿದರೆ, ಇದು ನಾಚಿಕೆಯ ವಿಷಯವೇನಲ್ಲ. ಬೇಕಾಗುವ ಮುಂಚೆಯೇ ಒಂದನ್ನು ಹೋಗಿ ನೋಡಿಟ್ಟುಕೊಳ್ಳಿ.

ಕೊರಳಿಗೆ ಹಾಕುವ ಅಲಾರಂ ಗುಂಡಿ, ಬಿದ್ದದ್ದನ್ನು ಗುರುತಿಸುವ ಕೈಗಡಿಯಾರ, ಕ್ಯಾಮೆರಾ ಇವು ಒಂಟಿಯಾಗಿರುವವರಿಗೆ ಉಪಯೋಗ. ಬಿದ್ದ ಮೇಲೆ ಗಂಟೆಗಟ್ಟಲೆ ನೆಲದ ಮೇಲೇ ಬಿದ್ದಿರುವುದು ಪೆಟ್ಟಿಗಿಂತ ಅಪಾಯ ಆಗಬಹುದು, ಆ ಹೊತ್ತನ್ನು ಇವು ಕಡಿಮೆ ಮಾಡುತ್ತವೆ. ಆದರೆ ಗುಂಡಿ ಒತ್ತಿದರೆ ಹತ್ತು ನಿಮಿಷದಲ್ಲಿ ಬರುವ ಮನುಷ್ಯ ಯಾರು ಎಂದು ಮೊದಲು ಗೊತ್ತಿರಬೇಕು. ಬಾತ್‌ರೂಮಿನ ಗೋಡೆಗೆ ಹಿಡಿಕೆ, ಜಾರದ ನೆಲಹಾಸು, ರಾತ್ರಿಯ ಸಣ್ಣ ದೀಪ ಇವಕ್ಕೆ ಆಗುವ ಖರ್ಚು ಒಮ್ಮೆ ಮಾತ್ರ. ಬೇರೆ ಯಾವ ಆಯ್ಕೆ ತೆಗೆದುಕೊಂಡರೂ ಇವನ್ನು ಮೊದಲು ಮಾಡಿಸಿಬಿಡಿ.

ಕೆಲವು ಮನೆಗಳು

ಒಬ್ಬರೇ ಇರುವ, ನಡೆದಾಡುವ, ಆದರೆ ಅಡುಗೆ ಮತ್ತು ಮಾತ್ರೆಯಲ್ಲಿ ತಪ್ಪುವ ಹಿರಿಯರಿಗೆ ಬೆಳಗ್ಗೆ ಎರಡು ಗಂಟೆಯ ಸಹಾಯ, ಮಾತ್ರೆ ಡಬ್ಬಿ, ಅಲಾರಂ ಗುಂಡಿ, ಸಂಜೆ ದಿನವೂ ಒಂದೇ ಹೊತ್ತಿಗೆ ಒಂದು ಫೋನ್ ಕರೆ ಸಾಕಾಗಬಹುದು.

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಬಂದವರಿಗೆ ಮೊದಲ ವಾರಗಳಲ್ಲಿ ಹಗಲು ರಾತ್ರಿ ಎರಡೂ ಶಿಫ್ಟ್, ಫಿಸಿಯೋ ಮನೆಗೇ ಬರಲಿ. ಏಜೆನ್ಸಿ ಸರಿ. ಎರಡು ವಾರಕ್ಕೊಮ್ಮೆ ಗಂಟೆಯ ಹಾಳೆ ಮತ್ತೆ ಬರೆದು, ಬೇಡವಾದ ಗಂಟೆಯನ್ನು ಕಡಿಮೆ ಮಾಡುತ್ತಾ ಬನ್ನಿ. ಶಿಫ್ಟ್ ಇದೆ ಎಂದು ಎಲ್ಲವನ್ನೂ ಅವರೇ ಮಾಡಿಕೊಡುತ್ತಾ ಹೋದರೆ ಹಿರಿಯರು ನಡೆಯುವುದನ್ನೇ ಬಿಡುತ್ತಾರೆ. ಇದನ್ನು ಬರುವವರಿಗೆ ಮೊದಲ ದಿನವೇ ಹೇಳಿ.

ಹಾಸಿಗೆ ಹಿಡಿದವರಲ್ಲಿ ಲೆಕ್ಕ ಮಗ್ಗುಲಿನದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯ ಕ್ರಮ, ಗಾಳಿ ಹಾಸಿಗೆ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಅಂದರೆ ರಾತ್ರಿಯೂ ಒಬ್ಬರು ಎಚ್ಚರ ಇರಬೇಕು. ಮನೆಯಲ್ಲಿ ಉಳಿಯುವ ಒಬ್ಬರು ಇಲ್ಲಿ ಸಾಲುವುದಿಲ್ಲ. ಎರಡು ಶಿಫ್ಟ್‌ಗೆ ಹಣ ಸಾಲದಿದ್ದರೆ ಒಂದು ಶಿಫ್ಟ್‌ಗೆ ಜನ, ಇನ್ನೊಂದನ್ನು ಮನೆಯವರು ಸರದಿಯಲ್ಲಿ. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ ಇಲ್ಲಿ ಚರ್ಮ ಕೆಂಪಾಗಿ, ಅಥವಾ ಕಪ್ಪು ಮೈಬಣ್ಣದಲ್ಲಿ ಇನ್ನೂ ಗಾಢವಾಗಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಬೆಡ್‌ಸೋರ್‌ನ, ಅಂದರೆ ಮಲಗಿದ್ದಲ್ಲೇ ಒತ್ತಿ ಆಗುವ ಹುಣ್ಣಿನ ಶುರು. ಅದು ಕಾಣಿಸುವುದು ಹತ್ತಿರ ಕೂತು ಮೈ ಒರೆಸುವವರಿಗೆ. ಒಳ್ಳೆಯ ಸಹಾಯಕರನ್ನು ನಾನು ಗುರುತಿಸುವುದೂ ಇದರಿಂದಲೇ. ‘ಇಲ್ಲಿ ಸ್ವಲ್ಪ ಕೆಂಪಾಗಿದೆ, ನೋಡಿ’ ಎಂದು ಅವರಾಗಿಯೇ ಬಂದು ಹೇಳುತ್ತಾರೆ.

ಮರೆವಿನ ಕಾಯಿಲೆಯಲ್ಲಿ ಶುರುವಿನಲ್ಲಿ ಡೇ ಕೇರ್, ಆಮೇಲೆ ಒಂದೇ ಮುಖ ಬಹಳ ಕಾಲ ಉಳಿಯುವ ನೇರ ವ್ಯವಸ್ಥೆ. ಒಂದು ಎಚ್ಚರಿಕೆ: ಗೊಂದಲ ಒಂದೆರಡು ದಿನದಲ್ಲೇ ದಿಢೀರನೆ ಏರಿದರೆ ಅದನ್ನು ಹಳೇ ಮರೆವು ಎಂದು ಬಿಡಬೇಡಿ. ಸೋಂಕು, ನೀರಿನಂಶ ಕಡಿಮೆಯಾಗಿರುವುದು, ಹೊಸ ಮಾತ್ರೆ ಯಾವುದಾದರೂ ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಹಾಗೆಯೇ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಎರಡನ್ನೂ ಸಹಾಯಕರಿಗೆ ತಿಳಿಸಿಡಿ.

ಮೂರನೇ ವಾರ

ಯಾರನ್ನೇ ಇಟ್ಟುಕೊಳ್ಳಿ, ಮೊದಲ ಎರಡು ವಾರ ಪರೀಕ್ಷೆಯ ಕಾಲ ಎಂದು ಇಬ್ಬರೂ ಒಪ್ಪಿಕೊಳ್ಳಿ. ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇರಲಿ: ಎಷ್ಟು ತಿಂದರು, ನೀರು ಎಷ್ಟು ಕುಡಿದರು, ಮಲ ಮೂತ್ರ, ಮಾತ್ರೆ, ನಿದ್ದೆ. ಬೆಲೆಬಾಳುವ ವಸ್ತು, ಬ್ಯಾಂಕ್ ಕಾರ್ಡ್ ಒಳಗೆ ಎತ್ತಿಡಿ. ಕದ್ದರು ಎಂಬ ಅನುಮಾನಕ್ಕೆ ಜಾಗವೇ ಇರದಿದ್ದರೆ ಅವರಿಗೂ ಒಳ್ಳೆಯದು. ಹಿರಿಯರ ಜೊತೆ ದಿನಕ್ಕೊಮ್ಮೆ, ಬೇರೆ ಯಾರೂ ಇಲ್ಲದಾಗ ಮಾತಾಡಿ. ಕಾರಣ ಗೊತ್ತಿಲ್ಲದ ನೀಲಿ ಗುರುತು, ಒಬ್ಬರು ಬಂದಾಗ ಮಾತ್ರ ಸುಮ್ಮನಾಗಿಬಿಡುವುದು ಇವನ್ನು ಕಂಡರೆ ಕಾಯಬೇಡಿ. ಅವತ್ತೇ ಆ ವ್ಯಕ್ತಿಯನ್ನು ಬದಲಿಸಿ.

ಮೂರನೇ ವಾರ ಸಹಾಯಕರಿಗೆ ಬೇಕೆಂದೇ ಒಂದು ದಿನ ಸಂಬಳದ ರಜೆ ಕೊಡಿ. ಅವತ್ತು ನಿಮ್ಮ ಬದಲಿ ವ್ಯವಸ್ಥೆಯನ್ನು ನಡೆಸಿ ನೋಡಿ. ಏಜೆನ್ಸಿಯಾದರೆ ಬದಲಿ ಜನ ಎಷ್ಟು ಹೊತ್ತಿಗೆ ಬಂದರು ಎಂದು ಬರೆದುಕೊಳ್ಳಿ. ಮನೆಯವರಾದರೆ, ‘ನಾನಿದ್ದೀನಲ್ಲ’ ಎಂದವರೇ ಅವತ್ತು ಬರಲಿ. ಡೈಪರ್ ಎಲ್ಲಿದೆ, ಯಾವ ಕಡೆಯಿಂದ ಎತ್ತಿದರೆ ನೋವಾಗುವುದಿಲ್ಲ, ಮಧ್ಯಾಹ್ನದ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ? ಅವತ್ತು ಅವರು ಫೋನ್ ಮಾಡಿ ಕೇಳುವ ಪ್ರತಿ ಪ್ರಶ್ನೆಯನ್ನೂ ಉತ್ತರದ ಜೊತೆ ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.